ಇಂಧನವಿಲ್ಲದೆ ವ್ಯೋಮಯಾನ ಸಾಧ್ಯವೆ?

2013ರ ನವೆಂಬರ್ 5ರಂದು ಶ್ರೀಹರಿಕೋಟೆಯಿಂದ ಹೊರಟ ಮಂಗಳಯಾನ ನೌಕೆಯ ತೂಕ ಸುಮಾರು 1337 ಕಿಲೋಗ್ರಾಂ. ಅದರಲ್ಲಿ 852 ಕಿಲೋಗ್ರಾಂ, ಇಂಧನ ಮತ್ತು ಅದನ್ನು ಉರಿಸುವ ಉತ್ಕರ್ಷಕದ್ದೇ. ಮಂಗಳನನ್ನು ನೋಡಬೇಕಾಗಿದ್ದ ಐದು ಉಪಕರಣಗಳ ಪಾಲಿಗೆ ಬಂದುದು ಸುಮಾರು ಹದಿನೈದು ಕಿಲೋಗ್ರಾಂ ಮಾತ್ರ. ಬುತ್ತಿಯೇ ಬಂಡಿಯನ್ನು ತುಂಬಿದ ಇಂಥ ಪ್ರಯಾಣವನ್ನು ಕಂಡವರಿಗೆ, ಇಂಧನದ ಹಂಗಿಲ್ಲದೆ ಗುರುತ್ವಾಕರ್ಷಣದಿಂದಲೇ ನೌಕೆಯನ್ನು ನಡೆಸಬಾರದೇಕೆ ಎಂಬ ಪ್ರಶ್ನೆ ಹೊಳೆಯುವುದು ಸಹಜ. ಐನ್‌ಸ್ಟೈನರ ಸಾಪೇಕ್ಷತಾವಾದವನ್ನು ಮುಂದಿಟ್ಟು ಸಾಧ್ಯವೆನ್ನುವವರೂ ಉಂಟು. ಅವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಲೆಕ್ಕ ಹಾಕದೆ ಅದನ್ನು ಒಪ್ಪುವುದು ತರವಲ್ಲವೆಂದು ನಮ್ಮ ಅಭಿಪ್ರಾಯ.

ಎರೆಮಣ್ಣಿನಲ್ಲಿ ಹೂತ ಬಂಡಿಯೊಳಗೆ ಕುಳಿತು ಅದರ ಮುಂದಿನ ಹಲಗೆಯನ್ನು ಎಷ್ಟು ದೂಡಿದರೂ ಬಂಡಿ ಕದಲದು. ಏನನ್ನಾದರೂ ಹಿಂದಕ್ಕೆ ನೂಕಿದಲ್ಲದೆ ಮುನ್ನಡೆಯಿಲ್ಲ. ಶೂನ್ಯದಲ್ಲಿ ನೂಕಲು ನೆಲವಿಲ್ಲವಾದ್ದರಿಂದ ರಾಕೆಟ್ಟು ತನ್ನ ಹೊಟ್ಟೆಯೊಳಗಿನ ಅನಿಲವನ್ನೇ ಹಿಂದಕ್ಕೆ ಎಸೆಯುತ್ತದೆ.

2003ರಲ್ಲಿ ಅಮೆರಿಕೆಯ ಜಾಕ್ ವಿಸ್ಡಮ್ ಎಂಬ ವಿಜ್ಞಾನಿ ಒಂದು ಸೋಜಿಗವನ್ನು ಗಣಿತದಿಂದ ತೋರಿಸಿಕೊಟ್ಟರು. ಮೇಲಿನಿಂದ ಬೀಳುವ ಬೆಕ್ಕು ಯಾವ ಆಸರೆಯೂ ಇಲ್ಲದೆ ಮೈ ತಿರುಚಿ ಕಾಲೂರುವುದನ್ನು ವಾಚಕರು ಬಲ್ಲರು. ಬೆಕ್ಕು ಹಾಗೆ ತಿರುಗಬಲ್ಲದೇ ಹೊರತು ಪಕ್ಕಕ್ಕೆ ಸರಿಯಲಾರದು. ಆದರೆ ದ್ರವ್ಯರಾಶಿಯಿಂದ ದೇಶಕಾಲಗಳು ಬಾಗಿರುವೆಡೆಯಲ್ಲಿ, ತನ್ನ ಅಂಗಗಳನ್ನು ಒಂದು ಕ್ರಮದಲ್ಲಿ ಚಾಚಿ ಮಡಿಸುವ ಕಾಯವು ಏನನ್ನೂ ಹೊರಚೆಲ್ಲದೆ ತುಸು ಸರಿಯಬಲ್ಲದು; ಶೂನ್ಯದಲ್ಲಿ ಈಜಬಲ್ಲದು ಎನ್ನೋಣ.

ಎಷ್ಟು ಸರಿದೀತು? ಭೂಮಿಯ ಮೇಲ್ಮೈ ಬಳಿ ಒಂದು ಮೀಟರು ಗಾತ್ರದ ಕಾಯವು ಒಂದು ಸಲ ಈಜಿದರೆ ಸರಿಯುವ ದೂರವು, ಒಂದು ಮೀಟರನ್ನು ಹತ್ತರಿಂದ ಇಪ್ಪತ್ತಮೂರು ಬಾರಿ ಭಾಗಿಸಿದಷ್ಟು. ಸೆಕೆಂಡಿಗೊಂದು ಸಲದಂತೆ, ವಿಶ್ವದ ವಯಸ್ಸಾದ 1380 ಕೋಟಿ ವರ್ಷಗಳ ಕಾಲ ಬಿಡದೆ ಈಜಿದರೂ ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲನ್ನು ಕ್ರಮಿಸಿದಂತಾಗದು. ಮೇಲಾಗಿ ಈ ಈಜಿನಿಂದ ವೇಗ ಕೂಡಿಬರುವುದಿಲ್ಲ. ಅಂಗಗಳು ನಿಂತೊಡನೆ ಸರಿಯುವುದೂ ನಿಲ್ಲುತ್ತದೆ. ಕಪ್ಪುಕುಳಿಯ ನೆರೆಯಲ್ಲಿ ಪರಿಣಾಮ ಹೆಚ್ಚೀತು. ಅಲ್ಲಿಯವರೆಗೆ ಹೋಗಲು ಇಂಧನವನ್ನು ಯಾರು ಕೊಡಬೇಕು? ತಿರುಗುವ ಭೂಮಿಯು ಸುತ್ತಲಿನ ದೇಶಕಾಲಗಳನ್ನು ತನ್ನೊಡನೆ ಎಳೆಯುತ್ತದೆಂಬುದೂ ನಿಜ. 2004ರಲ್ಲಿ ಹಾರಿದ ಗ್ರ್ಯಾವಿಟಿ ಪ್ರೋಬ್-ಬಿ ಉಪಗ್ರಹದ ಬುಗುರಿಗಳು ಅದನ್ನು ಅಳೆದವು. ಈ ಎಳೆತದಿಂದ ಬುಗುರಿಯ ಅಕ್ಷವು ಒಂದು ಡಿಗ್ರಿ ವಾಲಲು ಸುಮಾರು ಒಂದು ಲಕ್ಷ ವರ್ಷ ಬೇಕು.

ಗುರುತ್ವದಿಂದ ಪ್ರಯೋಜನವಿಲ್ಲವೆಂದು ನಾವು ಹೇಳುತ್ತಿಲ್ಲ. ಪ್ರಯೋಜನವಿರುವುದು ನ್ಯೂಟನ್ನರ ಹಳೆಯ ಗುರುತ್ವದಲ್ಲಿ. ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ ಕಡೆಯ ಹಳ್ಳಿಗಳಲ್ಲಿ ನಾಗರಪಂಚಮಿಗೆ ಜೋಕಾಲಿ ಕಟ್ಟುತ್ತಾರೆ. ಹಲಗೆಯ ಮೇಲೆ ನಿಂತ ಹುಡುಗಿಯು ನೆಲ ಮುಟ್ಟದೆ, ಯಾರಿಂದಲೂ ನೂಕಿಸಿಕೊಳ್ಳದೆ, ತುದಿಗಳಲ್ಲಿ ಕುಗ್ಗಿ ನಡುವೆ ಎದ್ದು ಜೀಕುತ್ತ ಮೇಲಮೇಲಕ್ಕೆ ಏರುತ್ತಾಳೆ. ವ್ಯಯವಾಗುವುದು ಅವಳ ಸ್ನಾಯುಗಳ ಶಕ್ತಿ. ಹಗ್ಗದ ಎಳೆತವನ್ನು ತಾಳಿಕೊಳ್ಳುವುದು ಕೊಂಬೆ. ಕೇಬಲ್ಲಿನಿಂದ ಜೋಡಿಸಿದ ಎರಡು ಭಾಗಗಳ ನೌಕೆಯು ಸೌರವಿದ್ಯುತ್ತಿನ ಬಲದಿಂದ ಕೇಬಲ್ಲನ್ನು ಹೊತ್ತರಿತು ಸುತ್ತುತ್ತ ಬಿಚ್ಚುತ್ತ ಹೋದರೆ, ಇದೇ ಬಗೆಯಲ್ಲಿ ತನ್ನ ಕಕ್ಷೆಯನ್ನು ಮೆಲ್ಲಮೆಲ್ಲನೆ ಬದಲಿಸಬಹುದೆಂದು ಲೆಕ್ಕಗಳು ಹೇಳುತ್ತವೆ. ಅಲ್ಲಿ ಕೊಂಬೆಯ ಸ್ಥಾನ ಭೂಮಿಯದು. ಫಲ ಗಣನೀಯವಾಗಬೇಕಾದರೆ ಮಾತ್ರ ಕೇಬಲ್ಲು ಅನೇಕ ಕಿಲೋಮೀಟರು ಉದ್ದವಿರಬೇಕು.

ಪ್ರಯೋಗದಲ್ಲಿ ಗೆದ್ದ ಉಪಾಯಗಳೂ ಇವೆ. 1977ರಲ್ಲಿ ಹೊರಟ ವಾಯೇಜರ್-2 ನೌಕೆಯು ಗುರು, ಶನಿ, ಯುರೇನಸ್‌ಗಳ ಬಳಿ ಹಾಯ್ದು, ಆ ಗ್ರಹಗಳ ಸೆಳೆತದಿಂದ ದಾರಿಯನ್ನು ತಿದ್ದಿಕೊಂಡು 1989ರಲ್ಲಿ ನೆಪ್ಚೂನನ್ನು ಸಂಧಿಸಿತು. ನೌಕೆಗೆ ಗುರು ಕೊಟ್ಟ ವೇಗವು ಗುರುವಿನ ಚಲನೆಯಿಂದಲೇ ಕಳೆಯಿತು, ಅಳೆಯಲಾರದಷ್ಟು ಅಲ್ಪವಾಗಿ. ನಮ್ಮ ಮಂಗಳಯಾನವೂ ಭೂಮಿಗೆ ಸಮೀಪವಾಗಿ ಅತಿವೇಗದಿಂದ ಹಾಯುವ ಸಮಯ ನೋಡಿ ಎಂಜಿನ್ನನ್ನು ಉರಿಸಿತು; ಹಾಗೆ ಅಷ್ಟೇ ಇಂಧನದಿಂದ ಹೆಚ್ಚಿನ ಶಕ್ತಿಯನ್ನು ಪಡೆದು ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸಿಕೊಂಡಿತು. ಸಾರ್ವಜನಿಕರ ಹಣವೂ ತರುಣರ ಬುದ್ಧಿಯೂ ಸಲ್ಲಬೇಕಾದುದು ಇಂಥ ದಾರಿಗಳಿಗೆ. ವಿಸ್ಡಮ್ಮರ ಈಜನ್ನು ಕಾಲೇಜುಗಳಲ್ಲಿ ಅಗತ್ಯವಾಗಿ ಕಲಿಸಲಿ. ಅದರ ಸೊಗಸು ದೊಡ್ಡದು. ಇಂಧನರಹಿತ ಯಂತ್ರವನ್ನು ಕಟ್ಟಿಕೊಡುತ್ತೇವೆಂದು ಬರುವವರಿಂದ ಮಾತ್ರ, ಹಣ ಬಿಚ್ಚುವ ಮೊದಲು, ಒಂದು ಸಲಕ್ಕೆ ಎಷ್ಟು ಮೀಟರು ಎಂಬ ಸಂಖ್ಯೆಯನ್ನು ಬರೆಯಿಸಿಕೊಳ್ಳಬೇಕು.