ಪೇಕಾಟಕ್ಕೆ ಈಗ ಕಾಯುವ ಹೊತ್ತೇ ಇಲ್ಲ!

ಕನ್ನಡದಲ್ಲಿ ಇಸ್ಪೀಟು ಎನ್ನಿ, ತೆಲುಗಿನಲ್ಲಿ ಪೇಕಾಟ ಎನ್ನಿ, ರಾಯದುರ್ಗ, ಆದೋನಿ ಕಡೆ ಎರಡೂ ಒಂದೇ. ಅರಳಿಕಟ್ಟೆಯ ಮೇಲೆ ಆಡುವಾಗ ಎಲೆ ಕಲೆಸಬೇಕು, ಹಂಚಬೇಕು, ಒಬ್ಬ ಬೀಡಿ ಹಚ್ಚುವ ತನಕ ಉಳಿದವರು ಕಾಯಬೇಕು. ಸೋತವನ ಮುಖ ಎಲ್ಲರಿಗೂ ಕಾಣುತ್ತದೆ. "ಸಾಕು ಏಳಪ್ಪಾ, ಮನೆಗೆ ಹೋಗು" ಎನ್ನಲು ಯಾರಾದರೊಬ್ಬರು ಇರುತ್ತಾರೆ. ಮೊಬೈಲಿನ ಪೋಕರ್ ಕಿತ್ತು ಹಾಕಿದ್ದು ಇದನ್ನೇ.

2010ರಲ್ಲಿ ಫುಲ್ ಟಿಲ್ಟ್ ಪೋಕರ್ ಎಂಬ ವಿದೇಶಿ ಕಂಪನಿ 'ರಶ್ ಪೋಕರ್' ತಂದಿತು. 2012ರಲ್ಲಿ ಪೋಕರ್‌ಸ್ಟಾರ್ಸ್ ಅದನ್ನೇ 'ಜೂಮ್' ಹೆಸರಿನಲ್ಲಿ ಬಿಟ್ಟಿತು. ತಂತ್ರ ಸರಳ. ಎಲೆ ಚೆನ್ನಾಗಿಲ್ಲವೆಂದು 'ಫೋಲ್ಡ್' ಒತ್ತಿದ್ದೇ ತಡ, ಆ ಟೇಬಲ್ ಮಾಯ! ಅದೇ ಕ್ಷಣ ಹೊಸ ಟೇಬಲ್, ಹೊಸ ಎದುರಾಳಿಗಳು, ಕೈಯಲ್ಲಿ ಹೊಸ ಎಲೆ. ಹಿಂದಿನ ಆಟ ಯಾರು ಗೆದ್ದರೆಂದು ನೋಡುವಷ್ಟೂ ವ್ಯವಧಾನವಿಲ್ಲ.

ಲೆಕ್ಕ ಹಾಕೋಣ. ಎದುರುಬದುರು ಕೂತು ಆಡುವ ಪೋಕರ್‌ನಲ್ಲಿ ಗಂಟೆಗೆ ಸುಮಾರು 30 ಆಟ. ಈ ಓಡುವ ಟೇಬಲ್‌ಗಳಲ್ಲಿ 200ರಿಂದ 250. ಎಲೆ ನೋಡುವ ಮುನ್ನವೇ ಸರದಿಯಂತೆ ಕಟ್ಟಬೇಕಾದ ಹಣಕ್ಕೆ 'ಬ್ಲೈಂಡ್' ಎನ್ನುತ್ತಾರೆ. ಆರು ಜನರ ಟೇಬಲ್‌ನಲ್ಲಿ ಬ್ಲೈಂಡ್ 5 ಮತ್ತು 10 ರೂಪಾಯಿ ಎಂದಿಟ್ಟುಕೊಳ್ಳಿ. ಆರು ಆಟಕ್ಕೆ ಒಬ್ಬನ ಕೈಯಿಂದ 15 ರೂಪಾಯಿ ಹೋಗುತ್ತದೆ. ಏನೂ ಆಡದೆ ಬರೀ ಫೋಲ್ಡ್ ಮಾಡುತ್ತಾ ಕೂತರೂ ಗಂಟೆಗೆ 30 ಆಟದ ಲೆಕ್ಕದಲ್ಲಿ 75 ರೂಪಾಯಿ, 240 ಆಟದ ಲೆಕ್ಕದಲ್ಲಿ 600 ರೂಪಾಯಿ. ಆಟ ಅದೇ, ನಿಯಮ ಅದೇ, ಖರ್ಚು ಎಂಟು ಪಟ್ಟು! ಯಾರೇ ಗೆಲ್ಲಲಿ, ಕಟ್ಟಿದ ಹಣದಲ್ಲಿ ಕಂಪನಿ ತನ್ನ ಪಾಲು ಮುರಿದುಕೊಳ್ಳುತ್ತದೆ. ಆಟ ಹೆಚ್ಚಾದಷ್ಟೂ ಪಾಲು ಹೆಚ್ಚು.

ಆದರೆ ನಮ್ಮ ಕಾನೂನಿನ ಚರ್ಚೆ ಎಲ್ಲಿ ನಿಂತಿತ್ತು ಗೊತ್ತೇ? ಇದು ಕೌಶಲವೋ, ಅದೃಷ್ಟವೋ ಎಂಬಲ್ಲಿ. ಆಂಧ್ರದಿಂದಲೇ ಹೋದ ಪ್ರಕರಣವೊಂದರಲ್ಲಿ 1967ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತ್ತು. 2023ರ ನವೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಪೋಕರ್‌ಗೂ ಅದೇ ಮಾತು ಹೇಳಿತು. ಎದುರಾಳಿಯ ರೀತಿ ನೋಡಿ ಅಳೆಯುವುದೇ ಪೋಕರ್‌ನ ಜಾಣತನ ಎನ್ನುವುದು ಹಳೆಯ ಆಟಗಾರರ ವಾದ. ಒಪ್ಪೋಣ. ಆದರೆ ಪ್ರತಿ ಆಟಕ್ಕೂ ಎದುರಾಳಿಯೇ ಬದಲಾದರೆ ಅಳೆಯುವುದು ಯಾರನ್ನು? ಸಾಫ್ಟ್‌ವೇರ್ ಇಟ್ಟುಕೊಂಡು ಸಾವಿರಾರು ಆಟಗಳ ಲೆಕ್ಕ ತೆಗೆಯುವ ಪಳಗಿದವರು ಇದ್ದಾರೆ, ಸುಳ್ಳಲ್ಲ. ಸಂಜೆ ಅಂಗಡಿ ಮುಚ್ಚಿ ಮೊಬೈಲ್ ಹಿಡಿಯುವ ನಮ್ಮ ಹುಡುಗನಿಗೆ ಅದೆಲ್ಲ ಎಲ್ಲಿ ಬರಬೇಕು?

ಗಡಿಯ ಕಥೆ ಇನ್ನೂ ವಿಚಿತ್ರ. ತೆಲಂಗಾಣ 2017ರಲ್ಲಿ, ಆಂಧ್ರ 2020ರಲ್ಲಿ ಹಣದ ಆನ್‌ಲೈನ್ ಆಟ ನಿಷೇಧಿಸಿದವು. ಕರ್ನಾಟಕ 2021ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ತಳ್ಳಿಹಾಕಿತು. ಅಲ್ಲಿಂದ ಮುಂದೆ ರಾಯದುರ್ಗದಲ್ಲಿ ಅಪರಾಧವಾದ ಆಟ, ಬಸ್ಸು ಗಡಿ ದಾಟಿ ಮೊಳಕಾಲ್ಮೂರು ಮುಟ್ಟಿದರೆ ಅಪರಾಧವಲ್ಲ! ಕೈಯಲ್ಲಿರುವ ಮೊಬೈಲ್ ಅದೇ, ಮನುಷ್ಯನೂ ಅವನೇ. ಕೇಂದ್ರ ಸರ್ಕಾರವೋ 2023ರ ಅಕ್ಟೋಬರ್‌ನಿಂದ ಆಟಕ್ಕೆ ಕಟ್ಟಿದ ಹಣದ ಮೇಲೆ ಶೇ. 28 ಜಿಎಸ್‌ಟಿ ಎಣಿಸಿಕೊಂಡಿತು.

ಹೊತ್ತಿನ ಬಗ್ಗೆ ಯೋಚಿಸಿದ್ದು ತಮಿಳುನಾಡು. 2025ರ ಫೆಬ್ರವರಿಯ ಅದರ ನಿಯಮದಂತೆ ಮಧ್ಯರಾತ್ರಿ 12ರಿಂದ ಬೆಳಗಿನ 5ರವರೆಗೆ ಆಟ ಬಂದ್. ಒಂದು ಗಂಟೆ ಮೀರಿ ಆಡಿದರೆ ಪರದೆಯ ಮೇಲೆ ಎಚ್ಚರಿಕೆ. ಒಳ್ಳೆಯದೇ, ಆದರೆ ಆ ಎಚ್ಚರಿಕೆ ಬರುವಷ್ಟರಲ್ಲಿ 240 ಆಟ ಮುಗಿದಿರುತ್ತದಲ್ಲ!

ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಒಂದೇ ಕಾನೂನು ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ. ಕೌಶಲವೋ ಅದೃಷ್ಟವೋ ಎಂದು ಅದು ಕೇಳುವುದಿಲ್ಲ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಿಷಿದ್ಧ, ಅಷ್ಟೇ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಜಾಹೀರಾತು ಕೊಟ್ಟವರಿಗೂ 2 ವರ್ಷದವರೆಗೆ ಜೈಲು. ಬರೀ ಆಡಿದವನಿಗೆ ಈ ಕಾನೂನಿನಲ್ಲಿ ಶಿಕ್ಷೆಯಿಲ್ಲ. ಪೋಕರ್‌ಬಾಝಿ, ಎಂಪಿಎಲ್ ಮೊದಲಾದವು ಹಣದ ಆಟ ನಿಲ್ಲಿಸಿದವು. ಕಂಪನಿಗಳು ಹೈಕೋರ್ಟ್‌ಗಳ ಮೆಟ್ಟಿಲೇರಿದವು, ಸೆಪ್ಟೆಂಬರ್‌ನಲ್ಲಿ ಆ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನಲ್ಲಿಗೆ ತರಿಸಿಕೊಂಡಿತು. ಅಲ್ಲೂ ಮತ್ತೆ ಕೌಶಲದ ವಾದವೇ ಕಂಪನಿಗಳ ಕೈಯಲ್ಲಿದೆ.

ಇಲ್ಲಿಯ ಆ್ಯಪ್ ಮುಚ್ಚಿದರೂ ವಿದೇಶಿ ಸೈಟ್‌ಗಳ ಲಿಂಕ್ ಟೆಲಿಗ್ರಾಂನಲ್ಲಿ ಬರುವುದುಂಟು. ಅಲ್ಲಿ ಗೆದ್ದ ದುಡ್ಡು ಕೈಗೆ ಬರದಿದ್ದರೆ ಕೇಳಲು ಕಚೇರಿಯೂ ಇಲ್ಲ, ಮನುಷ್ಯನೂ ಇಲ್ಲ. ಹಾಗೆ ಮೋಸಹೋದವರು ನಾಚಿಕೆ ಬಿಟ್ಟು ಅದೇ ದಿನ 1930ಕ್ಕೆ ಫೋನ್ ಮಾಡಬೇಕು. ಆಂಧ್ರದ ಕಡೆಯವರಾಗಲಿ ಕರ್ನಾಟಕದ ಕಡೆಯವರಾಗಲಿ, ಸೈಬರ್ ವಂಚನೆಗೆ ನಂಬರ್ ಅದೊಂದೇ.