ಎದೆನೋವು ಬಂದ ಮೊದಲ ಗಳಿಗೆ

ನಮ್ಮ ಮನೆಗಳಲ್ಲಿ ಎದೆನೋವಿಗೆ ಮೊದಲು ದೊರೆಯುವ ಹೆಸರು ‘ವಾಯು’. ಜೀರಿಗೆ ಕಷಾಯ, ಸೋಡಾ ಎನ್ನುತ್ತ ಒಂದೆರಡು ಗಂಟೆ ಕಳೆದುಹೋಗುತ್ತದೆ. ಅನಂತರ ನಗರದಲ್ಲಿರುವ ಮಗನಿಗೆ ಫೋನು. ಆತ ಅಕ್ಕರೆಯಿಂದಲೇ ಹೇಳುತ್ತಾನೆ: “ಅಲ್ಲೆಲ್ಲೂ ತೋರಿಸಬೇಡಿ, ನೇರವಾಗಿ ಬೆಂಗಳೂರಿಗೇ ಕರೆತನ್ನಿ.” ಈ ಮಾತೇ ಎಷ್ಟೋ ವೇಳೆ ಪ್ರಾಣಕ್ಕೆ ಎರವಾಗುತ್ತದೆ.

ಹೃದಯಕ್ಕೆ ರಕ್ತವನ್ನೊಯ್ಯುವ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಅಡ್ಡವಾದರೆ, ಅದರಾಚೆಯ ಮಾಂಸಖಂಡವು ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ. ಸತ್ತ ಭಾಗವು ಮತ್ತೆ ಚಿಗುರದು. ಬಲೂನು ತೂರಿಸಿ ನಾಳವನ್ನು ತೆರೆಯುವ ಆಂಜಿಯೋಪ್ಲಾಸ್ಟಿಯೇ ಉತ್ತಮವೆಂಬುದು ನಿಜ. ಆದರೆ ರೋಗ ತಿಳಿದ 2 ಗಂಟೆಗಳೊಳಗೆ ಅದು ಆಗುವಂತಿರಬೇಕು. ದೂರದ ಊರಿನವರಿಗೆ ಅದೆಲ್ಲಿ ಸಾಧ್ಯ?

ಅಂಥವರಿಗೆ ಹೆಪ್ಪನ್ನು ಕರಗಿಸುವ ಸೂಜಿಮದ್ದುಂಟು. 1988ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 17,187 ರೋಗಿಗಳಿದ್ದರು. ಸ್ಟ್ರೆಪ್ಟೋಕೈನೇಸ್ ಸೂಜಿಮದ್ದು ಹಾಗೂ ಅಗ್ಗದ ಆಸ್ಪಿರಿನ್ ಗುಳಿಗೆ, ಇವೆರಡನ್ನೂ ಪಡೆದ ನೂರು ಜನರಲ್ಲಿ 8 ಮಂದಿಯೂ, ಎರಡನ್ನೂ ಪಡೆಯದವರಲ್ಲಿ 13 ಮಂದಿಯೂ 5 ವಾರಗಳೊಳಗೆ ಹೃದಯ, ರಕ್ತನಾಳಗಳ ಕಾರಣದಿಂದ ತೀರಿಕೊಂಡರು. ಮದ್ದು ಬೇಗ ಬಿದ್ದಷ್ಟೂ ಫಲ ಹೆಚ್ಚು. 12 ಗಂಟೆ ಮೀರಿದ ಮೇಲೆ ಅದರ ಪ್ರಯೋಜನ ತೀರ ಕಡಿಮೆ.

ಕರ್ನಾಟಕದಲ್ಲಿ ಈಗ, 2021ರಲ್ಲಿ ಅಗಲಿದ ನಟ ಪುನೀತ್ ರಾಜಕುಮಾರರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ಪರಿಶೀಲಿಸುತ್ತಾರೆ. ಅಗತ್ಯವಿದ್ದವರಿಗೆ ಟೆನೆಕ್ಟಿಪ್ಲೇಸ್ ಎಂಬ ದುಬಾರಿ ಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡುಂಟು. ಆ ಬಳಿಕ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಇತ್ತೀಚೆಗೆ ಪಾರ್ಶ್ವವಾಯು, ರಕ್ತಸ್ರಾವ ಅಥವಾ ದೊಡ್ಡ ಶಸ್ತ್ರಚಿಕಿತ್ಸೆ ಆಗಿದ್ದವರಿಗೆ ಈ ಮದ್ದು ಅಪಾಯಕರ. ವೈದ್ಯರಿಗೆ ಅದನ್ನು ಮುಚ್ಚಿಡಬಾರದು.

ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿ ತಣ್ಣನೆ ಬೆವರಿದರೆ ಕಾಯಬಾರದು. ಸ್ತ್ರೀಯರಲ್ಲಿಯೂ ಮಧುಮೇಹಿಗಳಲ್ಲಿಯೂ ಬರಿಯ ಏದುಸಿರು, ಸುಸ್ತು ಮಾತ್ರ ಕಾಣಿಸಬಹುದು. ರೋಗಿಯನ್ನು ನಡೆಸದೆ ಕೂರಿಸಿ, 108ಕ್ಕೆ ಕರೆಮಾಡಿ. ಆಸ್ಪಿರಿನ್ ಒಗ್ಗದವರು, ರಕ್ತಸ್ರಾವವುಳ್ಳವರು ಹೊರತು ಉಳಿದವರು 300 ಮಿಲಿಗ್ರಾಂ ಆಸ್ಪಿರಿನ್ನನ್ನು ಅಗಿದು ನುಂಗಬಹುದು.

ಊರಿನಲ್ಲಿ ಹಿರಿಯರನ್ನು ಬಿಟ್ಟುಬಂದಿರುವ ವಾಚಕರು ಇಂದೇ ವಿಚಾರಿಸಲಿ: ಇ.ಸಿ.ಜಿ.ಯೂ ಈ ಮದ್ದೂ ಇರುವ ಹತ್ತಿರದ ಆಸ್ಪತ್ರೆ ಯಾವುದು? ಅದರ ಹೆಸರನ್ನು ಅಲ್ಲಿಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಸಿಡಲಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಫಲವಿಲ್ಲ.