ಕಥೆ ಹೇಳುವವರಿಗಾಗಿ ಒಂದು ಪ್ರಾರ್ಥನೆ

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ನಸುಕಿನ ರೈಲು ವಾರದ ಆರು ದಿನ ಈ ಊರನ್ನು ಬರಿದು ಮಾಡುತ್ತದೆ. ದುಡಿಯುವ ವಯಸ್ಸಿನವರನ್ನು ಅವರ ಮನೆಯಲ್ಲಿ ಕಾಣಬೇಕೆಂದರೆ ಭಾನುವಾರವೇ ಹೋಗಬೇಕು. ಅಂಥದೊಂದು ಫೆಬ್ರುವರಿಯ ಭಾನುವಾರ, ಬಾಲ್ಯದ ಗೆಳೆಯನೊಬ್ಬನ ಕರೆಗೆ ಓಗೊಟ್ಟು, ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳ ನಡುವಿನ ಪುಟ್ಟ ಚರ್ಚೊಂದರ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ನಾನು ಆ ಮತಕ್ಕೆ ಸೇರಿದವನಲ್ಲ. ಆದರೆ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದವರಿಗೆ ಚರ್ಚಿನ ಗಂಟೆಯಾಗಲಿ, ಮಾರಿಯಮ್ಮನ ಗುಡಿಯ ತಮಟೆಯಾಗಲಿ ಪರಕೀಯವಲ್ಲ.

ರೋಗಿಗಳಿಗಾಗಿ, ಪರೀಕ್ಷೆ ಬರೆಯುವ ಮಕ್ಕಳಿಗಾಗಿ, ಮಳೆಗಾಗಿ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಯವರು ತಮಿಳಿನಲ್ಲಿ ಮತ್ತೊಂದು ಕೋರಿಕೆಯನ್ನು ಮುಂದಿಟ್ಟರು. ಹೊರದೇಶಗಳಲ್ಲಿ ಮಾನವ ಸಾಗಣೆಗೆ ಸಿಲುಕಿ ಪಾರಾದವರ ನಡುವೆ ಕಥೆ ಹೇಳುತ್ತ ಸೇವೆ ಮಾಡುತ್ತಿರುವ ಕ್ರೈಸ್ತ ಸೇವಕರಿಗಾಗಿ ಪ್ರಾರ್ಥಿಸೋಣ ಎಂದರು. ಎಲ್ಲರೂ ತಲೆ ಬಾಗಿಸಿದರು. ನನಗೆ ಆ ಕೋರಿಕೆ ವಿಚಿತ್ರವೆನಿಸಿತು. ಬಿಡುಗಡೆಯಾದವರಿಗೆ ವಕೀಲರು ಬೇಕು, ವೈದ್ಯರು ಬೇಕು, ಊರಿಗೆ ಮರಳಲು ಟಿಕೆಟ್ ಬೇಕು. ಕಥೆ ಹೇಳುವವರು ಏಕೆ ಬೇಕು? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದಕ್ಕೆ ನನ್ನದೇ ಆದ ಒಂದು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಕಥೆಯ ಅಗತ್ಯವನ್ನು ಮೊದಲು ನೋಡೋಣ. ಹೊರನಾಡಿನ ಒಂದು ಆಶ್ರಯಧಾಮದಲ್ಲಿ ನಾಲ್ಕಾರು ದೇಶಗಳ, ಹತ್ತಾರು ಭಾಷೆಗಳ ಹೆಣ್ಣುಮಕ್ಕಳು ಇರುತ್ತಾರೆ. ಅನೇಕರಿಗೆ ಓದು ಬಾರದು. ಪೊಲೀಸರು, ರಾಯಭಾರ ಕಚೇರಿಯವರು, ಆಪ್ತಸಮಾಲೋಚಕರು ಎಲ್ಲರೂ ಅವರನ್ನು ಕೇಳುವುದು ಒಂದೇ ಪ್ರಶ್ನೆ: ಏನಾಯಿತು? ಉತ್ತರಿಸುವ ಪ್ರತಿ ಸಲವೂ ಗಾಯ ಮತ್ತೆ ತೆರೆದುಕೊಳ್ಳುತ್ತದೆ. ಕಥೆ ಹೇಳುವವರು ಅವರನ್ನು ಏನನ್ನೂ ಕೇಳುವುದಿಲ್ಲ. ಬದಲಿಗೆ ತಾವೇ ಒಂದು ಕಥೆ ಹೇಳುತ್ತಾರೆ.

ಆ ಕಥೆಗಳಲ್ಲಿ ಯೋಸೇಫನದು ಮುಖ್ಯವಾದದ್ದು. ಬೈಬಲ್ಲಿನ ಆದಿಕಾಂಡದಲ್ಲಿ ಅವನನ್ನು ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದವರು ಕಳ್ಳಕಾಕರಲ್ಲ, ಒಡಹುಟ್ಟಿದವರು. ದೂರದ ಈಜಿಪ್ಟಿನಲ್ಲಿ ಅವನು ಮನೆಯಾಳಾಗುತ್ತಾನೆ, ಸುಳ್ಳು ಆರೋಪಕ್ಕೆ ಗುರಿಯಾಗುತ್ತಾನೆ, ಸೆರೆಮನೆ ಸೇರುತ್ತಾನೆ. ಪರಿಚಿತರ ಮಾತು ನಂಬಿ ವಿಮಾನ ಹತ್ತಿದವಳಿಗೆ, ಕಳ್ಳತನದ ಆಪಾದನೆ ಹೊತ್ತು ಒಡತಿಯ ಮನೆಯಿಂದ ಹೊರಬಿದ್ದವಳಿಗೆ, ಈ ಕಥೆಗೆ ವ್ಯಾಖ್ಯಾನ ಬೇಕಿಲ್ಲ. ತನ್ನ ವಿಷಯ ತಾನು ಹೇಳದೆಯೇ, ತನಗಾದದ್ದು ಬೇರೊಬ್ಬರಿಗೂ ಆಗಿತ್ತೆಂಬ ಅರಿವು ಅವಳಿಗೆ ದಕ್ಕುತ್ತದೆ. ಅದು ಸಣ್ಣ ಸೇವೆಯಲ್ಲ.

ನಮ್ಮಲ್ಲೂ ಇಂಥ ಕಥೆ ಇಲ್ಲದಿಲ್ಲ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಚಂದ್ರಮತಿ ಮತ್ತು ಲೋಹಿತಾಶ್ವ ಕಾಶಿಯಲ್ಲಿ ಮಾರಾಟವಾಗುತ್ತಾರೆ. ಆ ದೃಶ್ಯಕ್ಕೆ ಕನ್ನಡಿಗರು ಶತಮಾನಗಳಿಂದ ಕಣ್ಣೀರು ಸುರಿಸಿದ್ದಾರೆ. ಆದರೆ ನಾವು ನೆನಪಿಟ್ಟಿರುವುದು ಮಾರಿದವನ ಸತ್ಯನಿಷ್ಠೆಯನ್ನು. ಮಾರಾಟವಾದವಳ ಹೆಸರಿನಲ್ಲಿ ಆ ಕಥೆ ಹೆಚ್ಚಾಗಿ ಪ್ರಚಲಿತದಲ್ಲಿಲ್ಲ. ಕಥೆ ಯಾರದು, ಅದನ್ನು ಯಾರ ಹೆಸರಿನಲ್ಲಿ ಹೇಳಲಾಗುತ್ತದೆ ಎಂಬ ಪ್ರಶ್ನೆ ಅಲ್ಲೂ ಇದೆ.

ಮಾರಿಕುಪ್ಪಂನಂಥ ಊರಿನಲ್ಲಿ ಈ ಪ್ರಾರ್ಥನೆ ನಡೆದದ್ದು ಆಕಸ್ಮಿಕವೆಂದು ನಾನು ಭಾವಿಸುವುದಿಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆಯನ್ನು ವಿಸ್ತರಿಸಿದಾಗ ಕಾರ್ಮಿಕರನ್ನು ಕರೆತಂದವರು ಮುಂಗಡ ಹಣ ಹಂಚುತ್ತಿದ್ದ ಮೇಸ್ತ್ರಿಗಳು ಮತ್ತು ಗುತ್ತಿಗೆದಾರರು. ಉತ್ತರ ಆರ್ಕಾಟಿನ, ಸೇಲಂನ ಬಡವರು, ಅವರಲ್ಲಿ ಬಹುಪಾಲು ದಲಿತರು, ಹೀಗೆ ಇಲ್ಲಿಗೆ ಬಂದು ನೆಲೆಸಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಈ ಗಣಿಗಳಿಗೆ ಹರಿದದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. 1930ರಲ್ಲಿ ಇದೇ ಗಣಿಗಳ ಕಾರ್ಮಿಕರು ಹೆಬ್ಬೆಟ್ಟಿನ ಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕ್ರಮದ ವಿರುದ್ಧ ಕೆಲಸ ನಿಲ್ಲಿಸಿ ಹೋರಾಡಿದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ತಮ್ಮ ಗುರುತು ಮಾಲೀಕನ ಕೈಸೇರಿದರೆ ತಮ್ಮ ಚಲನವಲನವೂ ಅವನ ಕೈಸೇರುತ್ತದೆ ಎಂಬುದು ಅಕ್ಷರ ಕಲಿಯದ ಆ ಜನಕ್ಕೆ ಗೊತ್ತಿತ್ತು. ಇಂದು ಕೊಲ್ಲಿ ರಾಷ್ಟ್ರದ ಮನೆಯೊಂದರಲ್ಲಿ ಪಾಸ್‌ಪೋರ್ಟನ್ನು ಯಜಮಾನನ ಬೀರುವಿಗೆ ಒಪ್ಪಿಸುವ ಹೆಣ್ಣುಮಗಳು ಎದುರಿಸುವುದೂ ಇದೇ ಅಪಾಯವನ್ನು.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಸೈನೈಡ್ ದಿಬ್ಬಗಳು ಉಳಿದವು, ಲೈನ್ ಮನೆಗಳು ಉಳಿದವು, ಕೆಲಸ ಉಳಿಯಲಿಲ್ಲ. ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ದಿನವೂ ಹೋಗಿಬರುವುದು ಸಾವಿರಾರು ಜನರ ಬದುಕಾಯಿತು. ದಿನಕ್ಕೆ ಐದಾರು ಗಂಟೆ ಪಯಣದಲ್ಲೇ ಕಳೆಯುವವರಿಗೆ, ‘ಎರಡು ವರ್ಷ ಹೊರಗೆ ಹೋಗಿ ಬಂದರೆ ಸಾಲ ತೀರುತ್ತದೆ’ ಎನ್ನುವ ದಲ್ಲಾಳಿಯ ಮಾತು ಸಿಹಿಯಾಗಿ ಕೇಳಿಸಿದರೆ ಅದನ್ನು ದುರಾಸೆ ಎನ್ನಲಾಗದು. ಆ ಮಾತನ್ನು ನಂಬಿ ಹೋದವರಲ್ಲಿ ಹೆಚ್ಚಿನವರು ದುಡಿದು ಸುಖವಾಗಿ ಮರಳಿದ್ದಾರೆ ಎಂಬುದನ್ನೂ ಹೇಳಬೇಕು. ಅವರ ಹೊಸ ಮನೆಗಳೇ ಮುಂದಿನವರಿಗೆ ಧೈರ್ಯ ಕೊಡುತ್ತವೆ. ಕೆಟ್ಟದ್ದನ್ನು ಕಂಡು ಮರಳಿದವರು ಮಾತನಾಡುವುದಿಲ್ಲ.

ಸಾಗಣೆಯ ಸ್ವರೂಪವೂ ಬದಲಾಗುತ್ತಿದೆ. 2023ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ, ಮ್ಯಾನ್ಮಾರ್‌ನಲ್ಲಿ ಕನಿಷ್ಠ 1.2 ಲಕ್ಷ ಮತ್ತು ಕಾಂಬೋಡಿಯಾದಲ್ಲಿ ಸುಮಾರು ಒಂದು ಲಕ್ಷ ಜನ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಬಲವಂತದ ದುಡಿಮೆಗೆ ಸಿಲುಕಿರಬಹುದೆಂದು ಅಂದಾಜಿಸಿತು. 2025ರ ಮಾರ್ಚ್‌ನಲ್ಲಿ ಭಾರತೀಯ ವಾಯುಪಡೆಯ ವಿಮಾನಗಳು ಥಾಯ್ಲೆಂಡಿನ ಮೇ ಸೋಟ್‌ನಿಂದ ಐನೂರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. ಹೀಗೆ ಮೋಸಹೋದವರಲ್ಲಿ ಇಂಗ್ಲಿಷ್ ಬಲ್ಲ, ಕಂಪ್ಯೂಟರ್ ಕಲಿತ ಯುವಕರೂ ಇದ್ದರು. ಮಾನವ ಸಾಗಣೆ ಅನಕ್ಷರಸ್ಥರ ಸಮಸ್ಯೆ ಎಂದು ನೆಮ್ಮದಿಯಿಂದಿದ್ದ ನಮ್ಮಂಥ ಮಧ್ಯಮವರ್ಗದವರು ಇದನ್ನು ಗಮನಿಸಬೇಕು.

ಕಾನೂನು ಇಲ್ಲವೆಂದೇನೂ ಅಲ್ಲ. ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ ಮಾನವ ಸಾಗಣೆ ತಡೆ ಒಡಂಬಡಿಕೆಯನ್ನು ಭಾರತ 2011ರಲ್ಲಿ ಅನುಮೋದಿಸಿತು. ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ನಂತರ 2013ರಲ್ಲಿ ದಂಡ ಸಂಹಿತೆಯ 370ನೇ ಕಲಮನ್ನು ಬದಲಿಸಲಾಯಿತು. 2024ರ ಜುಲೈನಿಂದ ಆ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಇದೆ. ಪ್ರತ್ಯೇಕ ಸಮಗ್ರ ಮಸೂದೆಯೊಂದು 2018ರಲ್ಲಿ ಲೋಕಸಭೆಯ ಒಪ್ಪಿಗೆ ಪಡೆದೂ ರಾಜ್ಯಸಭೆಯನ್ನು ದಾಟದೆ ಬಿದ್ದುಹೋಯಿತು. ವಲಸೆ ತಪಾಸಣೆ ಕಡ್ಡಾಯವಾದ ದೇಶಗಳಿಗೆ ಮನೆಗೆಲಸಕ್ಕೆ ಹೋಗಲು ಮಹಿಳೆಗೆ 30 ವರ್ಷ ತುಂಬಿರಬೇಕೆಂಬ ನಿಯಮವಿದೆ. ರಕ್ಷಣೆಗೆಂದು ಮಾಡಿದ ಈ ನಿಯಮವನ್ನು ದಲ್ಲಾಳಿಗಳು ಪ್ರವಾಸಿ ವೀಸಾದ ಮೂಲಕ ದಾಟಿಸುತ್ತಾರೆ. ಹಾಗೆ ಹೋದವಳು ಸರ್ಕಾರದ ಲೆಕ್ಕದಲ್ಲಿ ಕೆಲಸಗಾರ್ತಿಯೇ ಅಲ್ಲ.

ಈ ಕಾನೂನಿನಲ್ಲಿ ಒಂದು ಮಾತಿದೆ: ಸಾಗಣೆಯ ಅಪರಾಧವನ್ನು ನಿರ್ಣಯಿಸುವಾಗ ಸಂತ್ರಸ್ತರ ಒಪ್ಪಿಗೆ ಗಣನೆಗೆ ಬಾರದು. ‘ಅವಳೇ ಒಪ್ಪಿ ಹೋದಳು’ ಎಂಬ ದಲ್ಲಾಳಿಯ ಸಮರ್ಥನೆ ನಿಲ್ಲುವುದಿಲ್ಲ. ಆದರೆ ಅವಳು ಮರಳಿ ಬಂದ ಮೇಲೆ ಅವಳ ಕಥೆಯನ್ನು ಹೇಳುವ ವಿಷಯದಲ್ಲಿ ಒಪ್ಪಿಗೆಯೇ ಎಲ್ಲಕ್ಕಿಂತ ಮುಖ್ಯ. ಇದನ್ನು ನಾನು ತಪ್ಪು ಮಾಡಿ ಕಲಿತೆ.

ಕೆಲವು ವರ್ಷಗಳ ಹಿಂದೆ ಸಂಸ್ಥೆಯೊಂದರವರು ಊರಿಗೆ ಬಂದಿದ್ದರು. ಕೊಲ್ಲಿಯಿಂದ ಬಹಳ ಕಷ್ಟದಲ್ಲಿ ಮರಳಿದ್ದ ಒಬ್ಬ ಹೆಣ್ಣುಮಗಳೊಂದಿಗೆ ಮಾತನಾಡಬೇಕಿತ್ತು. ಅವರಿಗೆ ಭಾಷೆ ಬಾರದು, ನಾನು ದುಭಾಷಿಯಾದೆ. ಅವಳು ನನ್ನ ಮುಖ ನೋಡಿ ಮಾತನಾಡಿದಳು. ಎರಡು ಗಂಟೆ ಅವಳು ಹೇಳಿದ್ದನ್ನು ನಾನು ಒಳ್ಳೆಯ ಇಂಗ್ಲಿಷಿನಲ್ಲಿ, ಕೆಲವೆಡೆ ಅವಳು ಹೇಳಿದ್ದಕ್ಕಿಂತ ಮನಕಲಕುವಂತೆ ಹೇಳಿದೆನೆಂದು ಒಪ್ಪಿಕೊಳ್ಳುತ್ತೇನೆ. ಕೊನೆಗೆ ಒಂದು ಕಾಗದಕ್ಕೆ ಸಹಿಯಾಯಿತು. ಅದರಲ್ಲಿ ಏನಿದೆ ಎಂದು ಅವಳು ಕೇಳಲಿಲ್ಲ, ನಾನೂ ಓದಿ ಹೇಳಲಿಲ್ಲ.

ಮುಂದೆ ದೇಣಿಗೆ ಕೋರುವ ಕರಪತ್ರವೊಂದರಲ್ಲಿ ಅವಳ ಚಿತ್ರ ಬಂತು. ಹೆಸರು ಬದಲಿಸಿದ್ದರು, ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದರು. ಆದರೆ ಹಿಂದಿನ ಬಾಗಿಲು, ಉಟ್ಟ ಸೀರೆ, ಪಕ್ಕದ ನೀರಿನ ತೊಟ್ಟಿ ಇಡೀ ಲೈನಿಗೆ ಪರಿಚಿತ. ಕರಪತ್ರ ಫೋನಿನಿಂದ ಫೋನಿಗೆ ಹಾದು ಊರು ತಲುಪಲು ಹೆಚ್ಚು ದಿನ ಬೇಕಾಗಲಿಲ್ಲ. ಅವಳು ಹೇಳದೆ ಬಿಟ್ಟಿದ್ದನ್ನೂ ಊರವರು ಊಹಿಸಿಕೊಂಡರು. ನಾನು ಹೋಗಿ ಕ್ಷಮೆ ಕೇಳಿದಾಗ ಅವಳು ಜಗಳವಾಡಲಿಲ್ಲ. ‘ಅಣ್ಣಾ, ನಾನು ಹೇಳಿದ್ದು ನಿಮಗೆ’ ಎಂದಷ್ಟೇ ಹೇಳಿ ಒಳಗೆ ಹೋದಳು. ಈಗ ಅವಳ ಕುಟುಂಬ ಆ ಲೈನಿನಲ್ಲಿಲ್ಲ.

ಚರ್ಚಿನಲ್ಲಿ ಆ ಪ್ರಾರ್ಥನೆ ಫೆಬ್ರುವರಿಯಲ್ಲಿ ನಡೆದದ್ದಕ್ಕೂ ಹಿನ್ನೆಲೆಯಿದೆ. ಫೆಬ್ರುವರಿ 8 ಸಂತ ಜೋಸೆಫಿನ್ ಬಖಿತಾ ಅವರ ಸ್ಮರಣೆಯ ದಿನ. 2015ರಿಂದ ಕ್ಯಾಥೊಲಿಕ್ ಸಭೆ ಅದನ್ನು ಮಾನವ ಸಾಗಣೆಯ ವಿರುದ್ಧ ಪ್ರಾರ್ಥನೆಯ ದಿನವನ್ನಾಗಿ ಆಚರಿಸುತ್ತಿದೆ. ಸುಡಾನಿನ ಡಾರ್ಫರ್‌ನಲ್ಲಿ ಹುಟ್ಟಿದ ಬಖಿತಾ ಬಾಲ್ಯದಲ್ಲೇ ಅಪಹರಣಕ್ಕೊಳಗಾಗಿ, ಮತ್ತೆ ಮತ್ತೆ ಮಾರಾಟವಾಗಿ, ಆ ಭೀತಿಯಲ್ಲಿ ಹೆತ್ತವರಿಟ್ಟ ಹೆಸರನ್ನೇ ಮರೆತರು. ‘ಬಖಿತಾ’ ಎಂದರೆ ಅರಬ್ಬಿಯಲ್ಲಿ ಅದೃಷ್ಟವಂತೆ; ಅದು ಹಿಡಿದೊಯ್ದವರು ಇಟ್ಟ ಹೆಸರು. ಇಟಲಿಗೆ ಬಂದ ಮೇಲೆ 1889ರಲ್ಲಿ ವೆನಿಸ್‌ನ ನ್ಯಾಯಾಲಯ ಅವರನ್ನು ಸ್ವತಂತ್ರಳೆಂದು ಸಾರಿತು. ಮುಂದೆ ಅವರು ಸನ್ಯಾಸಿನಿಯಾದರು. 1931ರಲ್ಲಿ ಅವರ ಜೀವನಕಥೆ ಪುಸ್ತಕವಾಗಿ ಪ್ರಕಟವಾಯಿತು. ಅದರಿಂದ ಹೆಸರುವಾಸಿಯಾದ ಅವರನ್ನು ಇಟಲಿಯ ಊರೂರುಗಳಿಗೆ ಕರೆದೊಯ್ಯಲಾಯಿತು, ನೋಡಲು ಜನ ನೆರೆಯುತ್ತಿದ್ದರು. ಅವರ ಕಥೆಯಿಂದ ಲಕ್ಷಾಂತರ ಜನರ ಮನಸ್ಸು ಕರಗಿತು, ನಿಜ. ಆದರೆ ಮಠದ ಅಡುಗೆಮನೆಯಲ್ಲಿ, ಬಾಗಿಲು ಕಾಯುವ ಕೆಲಸದಲ್ಲಿ ಶಾಂತಿ ಕಂಡಿದ್ದ ಆ ಮಹಿಳೆಗೆ ಅಪರಿಚಿತರ ಕಣ್ಣಿಗೆ ಮತ್ತೆ ಒಡ್ಡಿಕೊಳ್ಳುವುದು ಏನು ಬೆಲೆ ತೆತ್ತ ಅನುಭವವಾಗಿತ್ತು ಎಂದು ಯೋಚಿಸದೆ ಇರಲಾರೆ.

ಇಲ್ಲಿ ಎರಡು ವರ್ಗದವರಿಗೆ ಎರಡು ಮಾತು ಹೇಳಬೇಕಿದೆ. ಇಂಥ ಸೇವೆಯೆಲ್ಲ ಮತಾಂತರದ ಬಲೆ ಎಂದು ಮೊದಲೇ ತೀರ್ಮಾನಿಸಿದವರು, ಪಾರಾಗಿ ಬಂದವಳ ಪಕ್ಕದಲ್ಲಿ ರಾತ್ರಿಯಿಡೀ ಕುಳಿತವರು ಯಾರು ಎಂದು ಒಮ್ಮೆ ವಿಚಾರಿಸಲಿ. ಉಳಿದವರು ಯಾರೂ ಬಾರದ ಕಡೆ ಅವರು ಹೋಗಿರುವುದು ಅನೇಕ ವೇಳೆ ನಿಜ. ಸೇವೆ ಸಲ್ಲಿಸುವವರಾದರೂ ತಮ್ಮನ್ನು ತಾವೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಕಥೆ ಕೇಳಲು ಒಲ್ಲೆನೆಂದು ಎದ್ದು ಹೋಗುವವಳಿಗೂ ಅದೇ ಊಟ, ಅದೇ ಹಾಸಿಗೆ, ಅದೇ ವಕೀಲರು ಸಿಗುತ್ತಾರೆಯೇ? ಸಿಗುತ್ತಾರೆ ಎಂದಾದರೆ ಅನುಮಾನಕ್ಕೆ ಎಡೆಯಿಲ್ಲ. ಇಲ್ಲವೆಂದಾದರೆ, ಒಮ್ಮೆ ಸರಕಾದವಳನ್ನು ಮತ್ತೊಂದು ವಿನಿಮಯಕ್ಕೆ ಒಡ್ಡಿದಂತೆ.

ಪತ್ರಿಕೆಗಳೂ ಸರ್ಕಾರೇತರ ಸಂಸ್ಥೆಗಳೂ ಈ ಪರೀಕ್ಷೆಯಿಂದ ಹೊರತಲ್ಲ. ಲೈಂಗಿಕ ಅಪರಾಧದ ಸಂತ್ರಸ್ತರ ಗುರುತು ಬಹಿರಂಗಪಡಿಸುವುದು ನಮ್ಮ ಕಾನೂನಿನಲ್ಲಿ ಅಪರಾಧ. ಹೆಸರು ಬಿಟ್ಟು ಬಾಗಿಲು, ಬೀದಿ, ಸೀರೆ ತೋರಿಸಿದರೆ ಆ ಕಾನೂನಿನ ಉದ್ದೇಶ ಈಡೇರುವುದಿಲ್ಲ. ಸಹಿಗೆ ಮುನ್ನ ಕಾಗದವನ್ನು ಅವಳ ಭಾಷೆಯಲ್ಲಿ ಓದಿ ಹೇಳಬೇಕು. ಬರೆದದ್ದನ್ನು ಪ್ರಕಟಣೆಗೆ ಮುನ್ನ ಕೇಳಿಸಬೇಕು. ಮನಸ್ಸು ಬದಲಾದರೆ ಹಿಂದಕ್ಕೆ ಪಡೆಯುವ ಹಕ್ಕು ಅವಳಿಗಿರಬೇಕು. ಇದಕ್ಕೆ ಹೊಸ ಮಸೂದೆ ಬೇಕಿಲ್ಲ, ಸ್ವಲ್ಪ ಸಂಕೋಚ ಸಾಕು. ಸರ್ಕಾರದ ಹೊಣೆ ಬೇರೆಯೇ ಇದೆ. ದಲ್ಲಾಳಿ ಕದ ತಟ್ಟುವ ಮೊದಲೇ ನಂಬಲರ್ಹ ಮಾಹಿತಿಯೊಂದು ಆ ಮನೆ ತಲುಪಬೇಕು. ಹೊರದೇಶದ ನೌಕರಿಯ ಪತ್ರ ಅಸಲಿಯೇ ಎಂದು ವಿಚಾರಿಸಲು ಮಾರಿಕುಪ್ಪಂನವಳು ಅರ್ಧ ದಿನದ ಕೂಲಿ ಬಿಟ್ಟು ಬೆಂಗಳೂರಿನ ಕಚೇರಿ ಹುಡುಕುವಂತೆ ಇರಬಾರದು.

ಯೋಸೇಫನ ಕಥೆಯಲ್ಲಿ ಒಂದು ಸಣ್ಣ ವಿವರವಿದೆ. ವರ್ಷಗಳ ನಂತರ ಅಣ್ಣಂದಿರು ಎದುರಿಗೆ ಬಂದು ನಿಂತಾಗ ಅವನು ಕೂಡಲೇ ತನ್ನ ಗುರುತು ಹೇಳುವುದಿಲ್ಲ. ಸಮಯ ತೆಗೆದುಕೊಳ್ಳುತ್ತಾನೆ. ಕೊನೆಗೆ ಹೇಳಬೇಕೆನಿಸಿದಾಗ ಕೋಣೆಯಲ್ಲಿದ್ದ ಪರರನ್ನೆಲ್ಲ ಹೊರಗೆ ಕಳುಹಿಸಿ ನಂತರ ಬಾಯಿ ಬಿಡುತ್ತಾನೆ. ಯಾವಾಗ, ಯಾರ ಮುಂದೆ, ಎಷ್ಟು ಹೇಳಬೇಕು ಎಂಬುದನ್ನು ಮಾರಾಟವಾದವನೇ ನಿರ್ಧರಿಸಿದ. ಕಥೆ ಹೇಳುವ ಸೇವಕರಿಗೆ ಅವರ ಗ್ರಂಥವೇ ಕಲಿಸುವ ಪಾಠ ಇದು.

ಅಂದು ಆ ಚರ್ಚಿನಲ್ಲಿ ನಾನೂ ತಲೆ ಬಾಗಿಸಿದ್ದೆ. ಪ್ರಾರ್ಥನೆಯಲ್ಲಿ ನನಗೆ ಹೆಚ್ಚಿನ ಅಭ್ಯಾಸವಿಲ್ಲ. ದೂರದೇಶದ ಆ ಅಪರಿಚಿತ ಸೇವಕರಿಗೆ ಒಳ್ಳೆಯದಾಗಲಿ, ಕೇಳಿದ ನೋವು ಅವರನ್ನು ಮುರಿಯದಿರಲಿ ಎಂದುಕೊಂಡೆ. ಜೊತೆಗೆ, ಒಬ್ಬಳು ನಂಬಿ ಹೇಳಿದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಶಕ್ತಿ ಅವರಿಗೆ ಬರಲಿ ಎಂದೂ ಕೇಳಿಕೊಂಡೆ. ನನಗೆ ಆ ಶಕ್ತಿ ಬೇಕಾಗಿದ್ದ ದಿನ ಅದು ನನ್ನಲ್ಲಿರಲಿಲ್ಲ.